ಕಾಲೇಜಿನಲ್ಲಿ ಕನ್ನಡಕ್ಕೊಂದು ಮನೆ ಕಟ್ಟಿದ ಎ. ಆರ್. ಕೃಷ್ಣಶಾಸ್ತ್ರಿಗಳು

ಪ್ರತಿವರ್ಷವೂ ಶಾಲೆ ಆರಂಭವಾದ ಹದಿನೈದು ದಿನಗಳೊಳಗಾಗಿ ನಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಸಂಘವನ್ನು ಕೂಡಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡು ಬಂದಿದ್ದೇವೆ. ಹತ್ತನೆಯ ತರಗತಿಯ ಒಬ್ಬರನ್ನು ಕಾರ್ಯದರ್ಶಿಗಳನ್ನಾಗಿ ಆರಿಸುವುದು, ಭಿತ್ತಿಪತ್ರಿಕೆಗೆ ಒಂದು ಹೆಸರಿಡುವುದು, ದಸರೆಯೊಳಗೆ ಒಂದು ಭಾಷಣಸ್ಪರ್ಧೆಯನ್ನೂ ನವೆಂಬರಿನಲ್ಲಿ ಒಂದು ನಾಟಕವನ್ನೂ ಏರ್ಪಡಿಸುವುದು, ಇವಿಷ್ಟೇ ಅದರ ಕಲಾಪ. ಕಳೆದ ವರ್ಷ ಆಯ್ಕೆಯೆಲ್ಲ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಎದ್ದುನಿಂತು, ಶಾಲೆಯಲ್ಲಿ ಕನ್ನಡದ ಪಾಠ ಇದ್ದೇ ಇದೆಯಲ್ಲ, ಅದರ ಮೇಲೆ ಸಂಘವೊಂದು ಏಕೆ ಬೇಕು, ಇದನ್ನು ಮೊದಲು ಕಂಡುಹಿಡಿದವರು ಯಾರು ಎಂದು ಕೇಳಿದಳು. ಹುಡುಗರು ನಕ್ಕರು. ನಾವು ಎ. ಆರ್. ಕೃಷ್ಣಶಾಸ್ತ್ರಿಗಳ ಹೆಸರನ್ನು ಹೇಳಿ, ಎರಡು ಮಾತನಾಡಿ, ಗಂಟೆ ಹೊಡೆದುದರಿಂದ ಅಲ್ಲಿಗೆ ನಿಲ್ಲಿಸಿದೆವು. ಆಕೆಗೆ ತೃಪ್ತಿಯಾದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಿರಲಿಲ್ಲ. ವಾರ್ಷಿಕೋತ್ಸವದ ಈ ಸಂಚಿಕೆಗೆ ಲೇಖನವನ್ನು ಕೊಡಬೇಕೆಂದು ಸಂಪಾದಕವರ್ಗದವರು ಅಪ್ಪಣೆಮಾಡಿದಾಗ, ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಪೂರ್ತಿಮಾಡುವುದೇ ಉಚಿತವೆಂದು ನಮಗೆ ತೋರಿತು.

ಅಂಬಳೆ ರಾಮಕೃಷ್ಣ ಕೃಷ್ಣಶಾಸ್ತ್ರಿಗಳು ೧೮೯೦ನೆಯ ಇಸವಿ ಫೆಬ್ರವರಿ ೧೨ರಂದು ಜನಿಸಿದರು. ಚಿಕ್ಕಮಗಳೂರು ಸೀಮೆಯ ಅಂಬಳೆ ಅವರ ಮನೆತನದ ಊರು. ತಂದೆ ರಾಮಕೃಷ್ಣಶಾಸ್ತ್ರಿಗಳು ವ್ಯಾಕರಣಶಾಸ್ತ್ರದಲ್ಲಿ ನುರಿತ ಪಂಡಿತರು. ಮೈಸೂರಿನಲ್ಲಿ ಸಂಸ್ಕೃತ ಪಾಠಶಾಲೆಯ ಮುಖ್ಯರಾಗಿದ್ದವರು. ಮನೆಯಲ್ಲಿ ಸೂತ್ರ, ವೃತ್ತಿ, ಭಾಷ್ಯಗಳ ಮಾತಲ್ಲದೆ ಬೇರೆಯ ಸಂಪತ್ತು ಹೆಚ್ಚಾಗಿ ಇದ್ದಿರಲಾರದು. ಬಾಲಕನಿಗೆ ಹತ್ತು ವರ್ಷ ತುಂಬುವ ವೇಳೆಗೆ ತಾಯಿ ಪ್ಲೇಗಿಗೆ ತುತ್ತಾದರು. ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಆ ಮಹಾಮಾರಿ ಮೈಸೂರು ಸಂಸ್ಥಾನದ ಎಷ್ಟು ಮನೆಗಳ ದೀಪವನ್ನು ಆರಿಸಿತೆಂಬುದನ್ನು ಆ ಕಾಲದ ಯಾವ ಲೇಖಕರ ಜೀವನವನ್ನು ತೆರೆದರೂ ಕಾಣಬಹುದು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ನೂಕಿದ ಕಥೆಗಳನ್ನು ನಮ್ಮ ಕಡೆಯ ವೃದ್ಧರೂ ಹೇಳುತ್ತಿದ್ದುದನ್ನು ನಾವು ಬಲ್ಲೆವು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಪ್ರೊಫೆಸರ್ ಎಂ. ಹಿರಿಯಣ್ಣನವರು ಪ್ರಮುಖರು. ಭಾರತೀಯ ತತ್ತ್ವಶಾಸ್ತ್ರದ ವಿಷಯದಲ್ಲಿ ಜಗತ್ತಿನ ವಿದ್ವಾಂಸರೆಲ್ಲ ತಲೆದೂಗುವಂತೆ ಬರೆದವರು ಅವರು. ಒಂದು ಮಾತನ್ನೂ ಅಳೆಯದೆ ಆಡಿದವರಲ್ಲ, ತೂಗದೆ ಬರೆದವರಲ್ಲ. ತಂದೆಯಿಂದ ಬಂದ ವ್ಯಾಕರಣದ ಶುದ್ಧಿಗೆ ಗುರುವಿನಿಂದ ಬಂದ ಈ ಮಿತಭಾಷಿತ್ವವು ಸೇರಿದುದರಿಂದಲೇ ಕೃಷ್ಣಶಾಸ್ತ್ರಿಗಳ ಗದ್ಯಕ್ಕೆ ಆ ಬಿಗಿಯೂ ಆ ತಿಳಿಯೂ ಒದಗಿದವೆಂದು ನಾವು ಭಾವಿಸುತ್ತೇವೆ. ಪದವೀಧರರಾದ ಮೇಲೆ ಹೊಟ್ಟೆಯ ಪಾಡಿಗಾಗಿ ಅವರು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸವನ್ನು ಮಾಡಬೇಕಾಯಿತು. ಅಂದಿನ ದಿನಗಳಲ್ಲಿ ಸರಕಾರದ ಗುಮಾಸ್ತೆಗಿರಿ ಸಿಕ್ಕಿತೆಂದರೆ ನೆಂಟರಿಷ್ಟರೆಲ್ಲ ಸಂತೋಷಪಡುವ ಸಂಗತಿ. ಸ್ವಲ್ಪ ತಾಳ್ಮೆಯಿಂದಿದ್ದರೆ ಮೇಲಕ್ಕೇರುವ ದಾರಿಯೂ ಉಂಟು. ಶಾಸ್ತ್ರಿಗಳು ಅದನ್ನು ಬಿಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಟ್ಯೂಟರ್ ಆಗಿ ಸೇರಿದರು.

ಇಲ್ಲಿ ಆ ಕಾಲದ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಇದನ್ನು ತಿಳಿಯದಿದ್ದರೆ ಅವರು ಮಾಡಿದ ಕೆಲಸ ಬಹಳ ಸಣ್ಣದಾಗಿ ಕಂಡೀತು.

೧೯೧೧ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸವನ್ನು ಕೊಟ್ಟಿದ್ದರು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಮಹಾರಾಜ ಕಾಲೇಜು ಕಲಾಶಾಸ್ತ್ರಗಳಿಗೂ ಸೆಂಟ್ರಲ್ ಕಾಲೇಜು ವಿಜ್ಞಾನಶಾಸ್ತ್ರಗಳಿಗೂ ಮೀಸಲಾದಂತಾದುವು. ಇಷ್ಟೆಲ್ಲ ಆದರೂ ಕಾಲೇಜಿನ ಅಂಗಳದೊಳಗೆ ಕನ್ನಡಕ್ಕೆ ಸ್ಥಾನವಿರಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಹುಡುಗರ ಚರ್ಚಾಕೂಟ ಇಂಗ್ಲಿಷಿನಲ್ಲಿ, ವಿದ್ಯಾವಂತರ ಸಂಭಾಷಣೆಯೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ. ಕನ್ನಡವೆಂಬುದು ಅಡಿಗೆಯ ಮನೆಯಲ್ಲಿಯೂ ಸಂತೆಯಲ್ಲಿಯೂ ಆಡತಕ್ಕ ಮಾತು. ಕನ್ನಡ ಪಂಡಿತರೆಂದರೆ ವಿದ್ಯಾರ್ಥಿಗಳಿಗೆ ವಿನೋದದ ವಸ್ತು. ಪಂಡಿತರ ರುಮಾಲನ್ನೂ ಉಚ್ಚಾರಣೆಯನ್ನೂ ಅನುಕರಿಸಿ ನಗುವುದು ಬುದ್ಧಿವಂತಿಕೆಯೆಂಬ ಭಾವನೆ ಇದ್ದ ಕಾಲವದು. (ಈ ಭಾವನೆ ಇಂದಿಗೂ ಪೂರ್ತಿಯಾಗಿ ಹೋಗಿಲ್ಲವೆಂಬುದನ್ನು ನಮ್ಮ ವೃತ್ತಿಬಾಂಧವರು ಬಲ್ಲರು.) ಅದೇ ಸುಮಾರಿನಲ್ಲಿ, ಎಂದರೆ ೧೯೧೮ರಲ್ಲಿ, ನಮ್ಮ ನಿಜಾಮಸೀಮೆಯ ರಾಜಧಾನಿಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿಯೇ ಉಚ್ಚಶಿಕ್ಷಣವನ್ನು ಕೊಡಲು ಉಪಕ್ರಮಿಸಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ದೇಶೀಯ ಭಾಷೆಯಲ್ಲಿ ಶಾಸ್ತ್ರವನ್ನು ಹೇಳಬಹುದೆಂಬುದು ಒಂದೆಡೆ ಸಿದ್ಧವಾಗುತ್ತಿರಲು, ಕನ್ನಡದ ಹೃದಯದೇಶವಾದ ಬೆಂಗಳೂರಿನಲ್ಲಿ ಕನ್ನಡದ ಹುಡುಗರು ಕನ್ನಡದಲ್ಲಿ ಹತ್ತು ನಿಮಿಷ ಮಾತನಾಡುವುದಕ್ಕೆ ಸಂಕೋಚಪಡುತ್ತಿದ್ದರು!

ಇಂಥ ಕಾಲೇಜಿನಲ್ಲಿ, ಅದೂ ವಿಜ್ಞಾನದ ವಿದ್ಯಾರ್ಥಿಗಳ ನಡುವೆ, ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿದರು. ಅವರು ಆಗ ದೊಡ್ಡ ಪದವಿಯಲ್ಲಿದ್ದವರಲ್ಲ. ಟ್ಯೂಟರ್ ಎಂದರೆ ಅಧ್ಯಾಪಕವರ್ಗದ ಕೆಳಮೆಟ್ಟಿಲು; ಹೇಳಿದರೆ ಕೇಳಲೇಬೇಕೆಂಬ ಅಧಿಕಾರವಿಲ್ಲದ ಹುದ್ದೆ. ವಯಸ್ಸು ಮೂವತ್ತು ಇನ್ನೂ ತುಂಬಿರಲಿಲ್ಲ. ಆದರೆ ಆ ಕಾಲೇಜಿನಲ್ಲಿ ಕನ್ನಡದ ಕೆಲಸಕ್ಕೆ ಅವರು ಒಂಟಿಯಾಗಿರಲಿಲ್ಲ. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ೧೯೧೮ರಲ್ಲಿಯೇ ಹೊರಡಿಸಿ, ಬೆಳಕು, ಶಾಖ, ಸಸ್ಯ, ಧಾತುಗಳ ವಿಚಾರವನ್ನೆಲ್ಲ ಕನ್ನಡದಲ್ಲಿ ಬರೆಯಿಸುತ್ತಿದ್ದರು. ಪ್ರಯೋಗಶಾಲೆಯ ಪ್ರಾಧ್ಯಾಪಕರೊಬ್ಬರು ಪಂಪಭಾರತವನ್ನು ಸಂಪಾದಿಸಲು ಶಕ್ತರಾದಂಥ ಕಾಲೇಜು ಅದು. ನೆಲ ಗಟ್ಟಿಯಾಗಿತ್ತು, ಆದರೆ ಉಳುಮೆಯಾಗಿರಲಿಲ್ಲ.

ಸಂಘವೆಂದರೆ ಏನು? ಬೇರೆ ದೇಶಗಳಲ್ಲಿಯೂ ಕಾಲೇಜಿನ ಹುಡುಗರು ಸಂಘಗಳನ್ನು ಕಟ್ಟಿಕೊಂಡಿದ್ದುಂಟು. ಅಮೆರಿಕಾ ದೇಶದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ೧೭೭೬ರಲ್ಲಿ ಕೆಲವರು ವಿದ್ಯಾರ್ಥಿಗಳು ಸೇರಿ ಫೈ ಬೀಟಾ ಕಪ್ಪಾ ಎಂಬ ಗ್ರೀಕ್ ಅಕ್ಷರಗಳ ಹೆಸರಿನ ಭ್ರಾತೃಸಂಘವನ್ನು ಸ್ಥಾಪಿಸಿದರು. ಅದರ ಶಾಖೆಗಳು ಕೆಲವೇ ವರ್ಷಗಳಲ್ಲಿ ಯೇಲ್, ಹಾರ್ವರ್ಡ್ ಕಾಲೇಜುಗಳಿಗೆ ಹಬ್ಬಿದುವು. ಆಗ ಅಲ್ಲಿ ಪ್ರತಿಜ್ಞೆಯಿತ್ತು, ಗುಟ್ಟಿನ ಹಸ್ತಲಾಘವವಿತ್ತು, ಆರಿಸಿ ತೆಗೆದುಕೊಂಡವರಿಗೆ ಮಾತ್ರ ಪ್ರವೇಶವಿತ್ತು. ಗುಟ್ಟಿನಿಂದ ಸ್ನೇಹ ಬಿಗಿಯಾಗುತ್ತದೆಂಬುದು ಅವರ ಎಣಿಕೆ ಇದ್ದೀತು. ಸೆಂಟ್ರಲ್ ಕಾಲೇಜಿನ ಸಂಘಕ್ಕೆ ಮುಚ್ಚಿಡಲು ಯಾವ ಗುಟ್ಟೂ ಇರಲಿಲ್ಲ. ಇದ್ದ ಗುಟ್ಟೊಂದನ್ನು ಬಯಲುಮಾಡುವುದೇ ಅದರ ಉದ್ದೇಶ: ವಿದ್ಯಾರ್ಥಿಗೆ ತನ್ನ ತಾಯ್ನುಡಿಯ ಮೇಲೆ ಮನಸ್ಸಿನೊಳಗೆ ಇದ್ದ, ಹೊರಗೆ ಹೇಳಿಕೊಳ್ಳಲು ನಾಚುತ್ತಿದ್ದ ಪ್ರೀತಿಯನ್ನು.

ನಮ್ಮ ಬಾಲಿಕೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆಯೆಂದು ತೋರುತ್ತದೆ. ತರಗತಿಯಲ್ಲಿ ಕಲಿಯುವ ಕನ್ನಡ ಪರೀಕ್ಷೆಯೊಡನೆ ಮುಗಿಯುತ್ತದೆ. ಅಲ್ಲಿ ಅಧ್ಯಾಪಕನು ಕೇಳುತ್ತಾನೆ, ವಿದ್ಯಾರ್ಥಿ ಹೇಳುತ್ತಾನೆ. ಸಂಘದಲ್ಲಿಯಾದರೋ ಯಾರೂ ಬಲಾತ್ಕಾರದಿಂದ ಬರುವುದಿಲ್ಲ, ಬಂದವನಿಗೆ ಅಂಕವೂ ದೊರೆಯುವುದಿಲ್ಲ. ರಸಾಯನಶಾಸ್ತ್ರವನ್ನು ಓದುವವನೊಬ್ಬನು ಸಂಜೆ ಉಳಿದು ಕವಿತೆಯೊಂದನ್ನು ಕೇಳಿದನೆಂದರೆ ಅದು ಅವನ ಸ್ವಂತ ಇಷ್ಟದಿಂದಲೇ. ಹಾಗೆ ಇಷ್ಟಪಟ್ಟು ಬಂದ ಹತ್ತು ಜನ, ಕಟ್ಟುಪಾಡಿನಿಂದ ಬಂದ ನೂರು ಜನರಿಗಿಂತ ಹೆಚ್ಚಿನ ಕೆಲಸವನ್ನು ಮಾಡಬಲ್ಲರೆಂಬುದನ್ನು ಶಾಸ್ತ್ರಿಗಳು ಅರಿತಿದ್ದರು.

ಸಂಘಕ್ಕೆ ಒಂದು ನಾಲಗೆ ಬೇಕಾಯಿತು. ೧೯೧೯ರಲ್ಲಿ ಪ್ರಬುದ್ಧ ಕರ್ನಾಟಕವು ಜನ್ಮತಾಳಿತು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ; ಸಂಪಾದಕರು ಕೃಷ್ಣಶಾಸ್ತ್ರಿಗಳು. ಹೆಸರನ್ನು ಕೇಳಿದೊಡನೆ ರಾಮಕೃಷ್ಣಾಶ್ರಮದವರ ಪ್ರಬುದ್ಧ ಭಾರತದ ನೆನಪಾಗದಿರದು. ಶಾಸ್ತ್ರಿಗಳು ತಮ್ಮ ಮಿತ್ರರಾದ ಟಿ. ಎಸ್. ವೆಂಕಣ್ಣಯ್ಯನವರೊಡನೆ ಸೇರಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದವರಾದುದರಿಂದ ಆ ನೆರಳು ಹೆಸರಿನ ಮೇಲೆ ಬಿದ್ದಿರಬಹುದೆಂಬುದು ನಮ್ಮ ಊಹೆ. ಏನೇ ಇರಲಿ, ನಿದ್ದೆ ತಿಳಿದೆದ್ದ ಕರ್ನಾಟಕವೆಂಬ ಆ ಹೆಸರು ಸಾರ್ಥಕವಾಯಿತು. ಕಾಲೇಜಿನ ಪತ್ರಿಕೆಯೆಂದರೆ ಆಟಪಾಟಗಳ ವರದಿಯೂ ಪ್ರಿನ್ಸಿಪಾಲರ ಭಾವಚಿತ್ರವೂ ಎಂದು ತಿಳಿದಿದ್ದವರಿಗೆ ಇದು ಹೊಸದಾಗಿತ್ತು. ಸಂಶೋಧನೆ, ವಿಮರ್ಶೆ, ಕವಿತೆ, ಕಥೆ, ಇವೆಲ್ಲ ಒಂದೇ ಹೊದಿಕೆಯೊಳಗೆ. ಹೆಸರಾಂತ ವಿದ್ವಾಂಸರ ಲೇಖನದ ಪಕ್ಕದಲ್ಲಿಯೇ ಇನ್ನೂ ಮೀಸೆ ಮೂಡದ ಹುಡುಗನ ಪದ್ಯ. ಹಳೆಯ ಸಂಪುಟಗಳು ಕೆಲವನ್ನು ನಾವು ಮೈಸೂರಿನಲ್ಲಿ ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾಗ ನೋಡಿದ್ದೆವು. ಕಾಗದ ಹಳದಿಯಾಗಿ ಅಂಚು ಪುಡಿಯಾಗುತ್ತಿದ್ದರೂ ಅಚ್ಚಿನ ತಪ್ಪನ್ನು ಹುಡುಕಿದರೆ ಸಿಗುವುದು ದುರ್ಲಭವಾಗಿತ್ತು. ಒತ್ತಕ್ಷರ ತಪ್ಪಿದರೆ ವೈಯಾಕರಣರ ಮಗನಿಗೆ ನಿದ್ದೆ ಬರುವುದು ಹೇಗೆ!

ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಆ ಪತ್ರಿಕೆಯ ಭಾರವನ್ನು ವಹಿಸಿಕೊಂಡಿತು. ೨೦೧೯ಕ್ಕೆ ಅದು ಹುಟ್ಟಿ ನೂರು ವರ್ಷ ತುಂಬಿತು. ಕನ್ನಡದಲ್ಲಿ ಹುಟ್ಟಿದ ಪತ್ರಿಕೆಗಳ ಆಯುಸ್ಸನ್ನು ಬಲ್ಲವರಿಗೆ ಈ ಸಂಖ್ಯೆಯ ಬೆಲೆ ತಿಳಿಯುತ್ತದೆ.

ವೆಂಕಣ್ಣಯ್ಯನವರ ಹೆಸರು ಬಂದ ಮೇಲೆ ಆ ಸ್ನೇಹವನ್ನು ಕುರಿತು ಹೇಳದೆ ಮುಂದುವರಿಯಲಾಗದು. ಚಿತ್ರದುರ್ಗ ಸೀಮೆಯ ತಳುಕಿನವರಾದ ವೆಂಕಣ್ಣಯ್ಯನವರು ೧೮೮೫ರಲ್ಲಿ ಹುಟ್ಟಿದವರು. ಶಾಸ್ತ್ರಿಗಳಿಗಿಂತ ಐದು ವರ್ಷ ಹಿರಿಯರು. ಎತ್ತರದ ಆಳು, ಮೃದುವಾದ ಮನಸ್ಸು. ಇಬ್ಬರೂ ಸೇರಿ ಬಂಗಾಳಿಯನ್ನು ಕಲಿತರು. ಇಬ್ಬರೂ ಸೇರಿ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಸಂಗ್ರಹಿಸಿ ವಿದ್ಯಾರ್ಥಿಗಳ ಕೈಗೆ ಎಟುಕುವಂತೆ ಮಾಡಿದರು. ಇಬ್ಬರೂ ಸೇರಿ ಒಂದು ತಲೆಮಾರಿನ ಕವಿಗಳನ್ನು ಸಾಕಿದರು. ಕನ್ನಡದ ಅಶ್ವಿನೀದೇವತೆಗಳೆಂದು ಜನರು ಅವರನ್ನು ಕರೆದರು. ೧೯೨೭ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದಾಗ ವೆಂಕಣ್ಣಯ್ಯನವರು ಅದಕ್ಕೆ ಗುರುಗಳಾದರು. ಕೃಷ್ಣಶಾಸ್ತ್ರಿಗಳೂ ಬೆಂಗಳೂರಿನಿಂದ ಮೈಸೂರಿಗೆ ಬಂದು, ಓರಿಯಂಟಲ್ ಲೈಬ್ರರಿಯಲ್ಲಿಯೂ ಮಹಾರಾಜ ಕಾಲೇಜಿನಲ್ಲಿಯೂ ಕೆಲಸಮಾಡಿದರು. ಕುವೆಂಪು, ತೀ. ನಂ. ಶ್ರೀಕಂಠಯ್ಯ, ಜಿ. ಪಿ. ರಾಜರತ್ನಂ ಮುಂತಾದವರು ಇವರ ನೆರಳಿನಲ್ಲಿ ಬೆಳೆದವರು. ಮಹಾರಾಜ ಕಾಲೇಜಿನಲ್ಲಿಯೂ ಕರ್ನಾಟಕ ಸಂಘವು ನೆಲೆಗೊಂಡು, ವಿದ್ಯಾರ್ಥಿಗಳ ಕವಿತೆಗಳನ್ನು ಕಿರಿಯ ಕಾಣಿಕೆ, ತಳಿರು ಎಂಬ ಸಂಕಲನಗಳಾಗಿ ಹೊರಗಿಟ್ಟಿತು. ಬೆಂಗಳೂರಿನ ಒಂದು ಹಣತೆಯಿಂದ ಇನ್ನೊಂದು ಹತ್ತಿಕೊಂಡಂತಾಯಿತು.

೧೯೩೯ರ ಫೆಬ್ರವರಿಯಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಐವತ್ತಮೂರು ಸಾಯುವ ವಯಸ್ಸಲ್ಲ. ಕುವೆಂಪು ತಮ್ಮ ಶ್ರೀರಾಮಾಯಣದರ್ಶನವನ್ನು ಆ ಗುರುವಿಗೆ ಅರ್ಪಿಸಿ ಋಣವನ್ನು ಸಲ್ಲಿಸಿದರು. ಅವಳಿದೇವತೆಗಳಲ್ಲಿ ಉಳಿದ ಒಬ್ಬರು ಏನು ಮಾಡಬೇಕು? ಶಾಸ್ತ್ರಿಗಳು ಕೆಲಸ ಮಾಡಿದರು. ಇಬ್ಬರೂ ಹೊತ್ತಿದ್ದ ನೊಗವನ್ನು ಮತ್ತೆ ಇಪ್ಪತ್ತೊಂಬತ್ತು ವರ್ಷ ಒಬ್ಬರೇ ಎಳೆದರು.

ಅವರು ನಮ್ಮ ಸೀಮೆಗೆ ಬಂದುದು ಈ ವಿಯೋಗದ ಎರಡು ವರ್ಷಗಳ ಮೇಲೆ. ೧೯೪೧ರಲ್ಲಿ ಇಪ್ಪತ್ತಾರನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಹೈದರಾಬಾದಿನಲ್ಲಿ ಸೇರಿತು. ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಕೃಷ್ಣಶಾಸ್ತ್ರಿಗಳು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ನಮ್ಮ ಈ ಊರುಗಳೂ ಆಗ ಒಂದೇ ನಿಜಾಮ ಸರಕಾರದ ಕೆಳಗಿದ್ದುವು. ಕಚೇರಿಯ ಭಾಷೆ ಉರ್ದು, ಮೇಲಿನ ಶಾಲೆಯ ಭಾಷೆ ಉರ್ದು. ಕನ್ನಡ ಮನೆಯಲ್ಲಿಯೂ ಮಠದಲ್ಲಿಯೂ ಭಜನೆಯಲ್ಲಿಯೂ ಉಸಿರಾಡುತ್ತಿತ್ತು. ಅಂಥ ರಾಜಧಾನಿಯಲ್ಲಿ ಕನ್ನಡದ ಮಹಾಸಭೆಯೆಂದರೆ ಅದು ಹಬ್ಬಕ್ಕಿಂತ ದೊಡ್ಡದು.

ನಮ್ಮ ತಾತನವರು ಆಗ ಇಪ್ಪತ್ತೈದು ಇಪ್ಪತ್ತಾರರ ಯುವಕರು. ಗ್ರಾಮದ ಲೆಕ್ಕ ಬರೆಯುವವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಆ ಸಮ್ಮೇಳನಕ್ಕೆ ಹೋಗಿ ಬಂದರಂತೆ. ಏನು ಕೇಳಿದಿರಿ ತಾತಾ ಎಂದು ನಾವು ಬಾಲ್ಯದಲ್ಲಿ ಪೀಡಿಸಿದರೆ ಭಾಷಣದ ವಿಷಯವನ್ನು ಅವರು ಹೆಚ್ಚಾಗಿ ಹೇಳುತ್ತಿರಲಿಲ್ಲ. ತಾವು ಕುಳಿತದ್ದು ತೀರ ಹಿಂದೆ; ಮಾತು ಎಲ್ಲವೂ ತಲುಪಲಿಲ್ಲ; ಆದರೆ ಅಷ್ಟು ಜನ ಒಂದೆಡೆ ಕುಳಿತು ಅಳುಕಿಲ್ಲದೆ ಕನ್ನಡ ಮಾತನಾಡುವುದನ್ನು ಅದೇ ಮೊದಲು ಕಂಡೆ, ಎಂದಿಷ್ಟೇ ಹೇಳುತ್ತಿದ್ದರು. ದಾರಿಖರ್ಚಿಗೆ ಸಾಲ ಮಾಡಿದ್ದನ್ನು ಅಜ್ಜಿಯವರು ಬಹಳ ಕಾಲ ಮರೆಯಲಿಲ್ಲ.

ಆ ಸಾಲದ ಬಡ್ಡಿ ನಮಗೆ ಸಂದಿತು. ೧೯೫೦ರಲ್ಲಿ ಕೃಷ್ಣಶಾಸ್ತ್ರಿಗಳ ವಚನಭಾರತವು ಹೊರಬಂದಿತು. ಹೈದರಾಬಾದಿನಲ್ಲಿ ದೂರದಿಂದ ಕಂಡ ಅಧ್ಯಕ್ಷರ ಗ್ರಂಥವೆಂದು ತಾತನವರು ಅದನ್ನು ತರಿಸಿಕೊಂಡರು. ನಾವು ಕಣ್ಣುಬಿಡುವ ವೇಳೆಗೆ ಅದರ ರಟ್ಟು ಹೋಗಿ, ಹಳೆಯ ಪಂಚೆಯ ಬಟ್ಟೆಯನ್ನು ಅಂಟಿಸಿ ಹೊದಿಸಿಯಾಗಿತ್ತು. ಶ್ರಾವಣದ ಸಂಜೆಗಳಲ್ಲಿ ಅವರು ಓದುವರು. ಓಣಿಯವರು ಜಗಲಿಯ ಮೇಲೆ ಕುಳಿತು ಕೇಳುವರು. ಅಕ್ಷರ ಬಾರದ ರೈತರಿಗೂ ಅರ್ಥವಾಗುತ್ತಿತ್ತು, ಓದಿದವರಿಗೂ ತೆಳುವೆನಿಸುತ್ತಿರಲಿಲ್ಲ. ಲಕ್ಷಶ್ಲೋಕಗಳ ಆ ಮಹಾಸಮುದ್ರವನ್ನು ಒಂದು ಸಂಪುಟದ ಗದ್ಯದೊಳಗೆ ಹಿಡಿಯುವಾಗ ಏನನ್ನು ಬಿಡಬೇಕೆಂಬುದೇ ಕಷ್ಟ. ಪಂಪನೂ ಕುಮಾರವ್ಯಾಸನೂ ತಮ್ಮ ತಮ್ಮ ಕಾಲಕ್ಕೆ ತಕ್ಕಂತೆ ಆ ಕಥೆಯನ್ನು ಹೇಳಿದ ನಾಡಿನಲ್ಲಿ ಮೂರನೆಯವನೊಬ್ಬನು ಬಾಯಿಬಿಡಬೇಕಾದರೆ ಧೈರ್ಯವೂ ಬೇಕು, ವಿನಯವೂ ಬೇಕು. ಶಾಸ್ತ್ರಿಗಳು ಕವಿಯಾಗಲು ಹೋಗಲಿಲ್ಲ; ವ್ಯಾಸರ ಮಾತನ್ನು ತಿಳಿಗನ್ನಡದಲ್ಲಿ ನಿಲ್ಲಿಸಿ ತಾವು ಹಿಂದೆ ಸರಿದರು. ಕರ್ಣನ ಅವಸಾನದ ಭಾಗ ಬಂದಾಗ ತಾತನವರ ಧ್ವನಿ ಪ್ರತಿಬಾರಿಯೂ ನಿಲ್ಲುತ್ತಿತ್ತು. ಮಗ್ಗುಲ ಮನೆಯವರು ಯಾರಾದರೂ ಪುಸ್ತಕವನ್ನು ತೆಗೆದುಕೊಂಡು ಮುಂದುವರಿಸಬೇಕಾಗುತ್ತಿತ್ತು. ನಾವು ಕನ್ನಡದ ಅಧ್ಯಾಪಕರಾದುದಕ್ಕೆ ಕಾರಣವನ್ನು ಕೇಳಿದವರಿಗೆ ನಾವು ಬೇರೇನೇನೋ ಹೇಳಿದ್ದೇವೆ. ನಿಜವಾದ ಕಾರಣ ಆ ಜಗಲಿ.

ಉಳಿದ ಕೃತಿಗಳನ್ನು ಇಲ್ಲಿ ವಿಸ್ತರಿಸಲು ಸ್ಥಳವಿಲ್ಲ. ಸೋಮದೇವನ ಕಥಾಸರಿತ್ಸಾಗರವನ್ನು ಕಥಾಮೃತವೆಂದು ಕನ್ನಡಕ್ಕೆ ತಂದರು. ಭಾಸಕವಿಯನ್ನೂ ಸಂಸ್ಕೃತ ನಾಟಕವನ್ನೂ ಕುರಿತು ಬರೆದ ಗ್ರಂಥಗಳನ್ನು ವಿದ್ವತ್ ಪರೀಕ್ಷೆಗೆ ಕುಳಿತವರಾರೂ ಮರೆಯುವಂತಿಲ್ಲ. ಶ್ರೀಪತಿಯ ಕಥೆಗಳೆಂಬ ಕಥಾಸಂಗ್ರಹವೂ ಅವರದೇ. ಯೌವನದಲ್ಲಿ ಮಿತ್ರನೊಡನೆ ಕಲಿತ ಬಂಗಾಳಿ ಮುಪ್ಪಿನಲ್ಲಿ ಫಲ ಕೊಟ್ಟಿತು: ಬಂಕಿಮಚಂದ್ರರನ್ನು ಕುರಿತು ಬರೆದ ಗ್ರಂಥಕ್ಕೆ ೧೯೬೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಅತ್ತ ಸೆಂಟ್ರಲ್ ಕಾಲೇಜಿನ ಸಂಘವೋ ಸ್ಥಾಪಕರು ಬಿಟ್ಟುಹೋದೊಡನೆ ಮುಚ್ಚಿಹೋಗುವ ಸಂಘಗಳ ಸಾಲಿಗೆ ಸೇರಲಿಲ್ಲ. ಶಿಷ್ಯರಾದ ರಾಜರತ್ನಂ ಅವರು ಮುಂದೆ ಅದೇ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾಗಿ ಬಂದು, ಗುರುವಿನ ಸಂಘವನ್ನು ಕೈಗೆತ್ತಿಕೊಂಡರು. ನಮ್ಮ ಮಕ್ಕಳು ಮೊದಲು ಕಲಿಯುವ ಶಿಶುಗೀತೆಗಳನ್ನೂ ಹೆಂಡಗುಡುಕ ರತ್ನನ ಪದಗಳನ್ನೂ ಬರೆದ ಅದೇ ರಾಜರತ್ನಂ. ಹೊಸಬರಿಂದ ಬರೆಯಿಸಿ, ತಿದ್ದಿ, ಸಂಘದ ಹೆಸರಿನಲ್ಲಿ ಅಚ್ಚುಮಾಡಿಸಿ ಕೈಯಲ್ಲಿಡುವುದು ಅವರಿಗೆ ವ್ರತವಾಗಿತ್ತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ಆ ಕಾಲೇಜು ಅದರೊಳಗೆ ಸೇರಿತು.

ಗುಮಾಸ್ತೆಗಿರಿಯಲ್ಲಿ ನಿಂತಿದ್ದರೆ ಒಳ್ಳೆಯ ಪಿಂಚಣಿಯೊಡನೆ ನಿವೃತ್ತರಾಗಿ ಯಾರ ನೆನಪಿಗೂ ಬಾರದೆ ಹೋಗಬಹುದಾಗಿದ್ದ ಈ ಮಹನೀಯರು, ಕನ್ನಡ ಸೇನಾನಿಯೆಂಬ ಹೆಸರನ್ನು ಪಡೆದು, ೧೯೬೮ನೆಯ ಇಸವಿ ಫೆಬ್ರವರಿ ೧ರಂದು ದೇಹವನ್ನು ಬಿಟ್ಟರು. ಎಪ್ಪತ್ತೆಂಟನೆಯ ಹುಟ್ಟುಹಬ್ಬಕ್ಕೆ ಹನ್ನೊಂದು ದಿನ ಉಳಿದಿತ್ತು. ಅಷ್ಟರಲ್ಲಿ ನಿಜಾಮಸೀಮೆ ಹೋಗಿ, ೧೯೫೬ರಲ್ಲಿ ಗಡಿಗೆರೆಗಳು ಎಳೆಯಲ್ಪಟ್ಟು, ಹೈದರಾಬಾದಿನ ಸಮ್ಮೇಳನಕ್ಕೆ ಒಂದೇ ರೈಲಿನಲ್ಲಿ ಹೋದವರು ಎರಡು ರಾಜ್ಯಗಳವರಾಗಿದ್ದರು. ತಾತನವರ ಊರು ಗೆರೆಯ ಈಚೆಗೆ ಉಳಿಯಿತು. ಅವರ ತಂಗಿಯ ಊರು ಆಚೆಗೆ ಹೋಯಿತು.

ನಮ್ಮ ಶಾಲೆಯ ಸಂಘಕ್ಕೆ ಈ ವರ್ಷ ಸೇರಿದವರು ಹತ್ತೊಂಬತ್ತು ಮಂದಿ. ಹೋದ ವರ್ಷ ಇಪ್ಪತ್ತಾರು ಇದ್ದರು. ಪ್ರಶ್ನೆ ಕೇಳಿದ ಬಾಲಿಕೆಯೇ ಈಗ ಕಾರ್ಯದರ್ಶಿನಿ. ಭಿತ್ತಿಪತ್ರಿಕೆಯ ಮೊದಲ ಸಂಚಿಕೆಗೆ ಆಕೆ ಕೃಷ್ಣಶಾಸ್ತ್ರಿಗಳನ್ನು ಕುರಿತು ಅರ್ಧ ಪುಟ ಬರೆದು ತಂದಳು. ಸಮ್ಮೇಳನದ ಇಸವಿಯನ್ನು ತಪ್ಪಾಗಿ ಬರೆದಿದ್ದಳು, ಎರಡು ಒತ್ತಕ್ಷರಗಳೂ ತಪ್ಪಿದ್ದವು. ತಿದ್ದಿ ಕೊಟ್ಟೆವು, ಅವಳು ಮತ್ತೊಮ್ಮೆ ಬೇರೆಯ ಕಾಗದದಲ್ಲಿ ದುಂಡಗೆ ಬರೆದು ಅಂಟಿಸಿದಳು.